ಮೂಗಿಗೆ ತುಪ್ಪ

ಗಾಳಿಬೀಡು ರಸ್ತೆಯ ಕೊನೆಗೆ, ಗುಡ್ಡದ ಅಂಚಿನಲ್ಲಿ
ಗಾಜಿನ ಗೋಡೆಯ ಊಟದ ಮನೆ.
ಸಂಜೆ ಆರೂವರೆಗೆ ಕಣಿವೆಯಿಂದ ಮಂಜು ಏರಿ
ಮೇಜಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ.
ಬಂದವರೆಲ್ಲ ಫೋನೆತ್ತಿ ‘ಥೇಟ್ ಸಮುದ್ರ’ ಅನ್ನುತ್ತಾರೆ.
ಕಾರವಾರದವನು ನಾನು, ಸುಮ್ಮನಿರುತ್ತೇನೆ.
ಸದ್ದಿಲ್ಲದ, ಬಲೆ ಒಣಹಾಕದ ಸಮುದ್ರಕ್ಕೆ
ಏನೆನ್ನಲಿ?

ಎದೆಯ ಬಿಲ್ಲೆಯಲ್ಲಿ ಹೆಸರು: ಇನಾಸ್.
ಕೆಲಸ: ವೈನ್ ತೆರೆಯುವುದು, ಅದರ ಪರವಾಗಿ ಮಾತಾಡುವುದು.
ಬಾಟಲಿಗೆ ಬಿಳಿ ವಸ್ತ್ರ ಸುತ್ತಿ, ಕಾರ್ಕು ಕಿತ್ತು,
ಒಂದು ಗುಟುಕು ಸುರಿದು, ಲೋಟ ತಿರುಗಿಸಿ
‘ನೇರಳೆ ಹಣ್ಣು ಸರ್, ಹಿಂದೆಯೇ ಕರಿಮೆಣಸು,
ಕೊನೆಗೆ ಮಳೆ ನಿಂತ ಮೇಲಿನ ಮರದ ತೊಗಟೆ.’
ಅವರು ಮೂಗು ಇಳಿಸಿ, ಕಣ್ಣು ಮುಚ್ಚಿ
‘ಹೌದಲ್ಲ!’ ಅನ್ನುತ್ತಾರೆ.
ಇದುವರೆಗೆ ಯಾರೂ ಇಲ್ಲ ಅಂದದ್ದಿಲ್ಲ.

ನನಗೆ ವಾಸನೆ ಹೋಗಿ ಎರಡು ವರ್ಷ.
ಒಂಬತ್ತನೇ ದಿನ ಜ್ವರ ಇಳಿಯಿತು,
ಹೋಗುವಾಗ ಮನೆಯ ಒಂದೇ ಒಂದು ಸಾಮಾನು ಎತ್ತಿಕೊಂಡು ಹೋಯಿತು.
ಮೊದಲು ಗೊತ್ತಾದದ್ದು ಸೋಪಿನಲ್ಲಿ.
ಆಮೇಲೆ ರಜೆಗೆ ಹೋದಾಗ, ಬೈತಖೋಲ ಧಕ್ಕೆಯಲ್ಲಿ
ಒಣಮೀನಿನ ರಾಶಿಗಳ ನಡುವೆ ನಿಂತು,
ಊರೆಲ್ಲ ಬಾಯಿ ಆಡಿಸುತ್ತಿದೆ, ದನಿ ಮಾತ್ರ ಯಾರೋ ತೆಗೆದಿದ್ದಾರೆ
ಅನ್ನಿಸಿದಾಗ.

ಮ್ಯಾನೇಜರಿಗೆ ಹೇಳಿಲ್ಲ. ಹೆಂಡತಿಗೂ.
ಹಳೆಯ ಮೂಗು ನೋಟುಬುಕ್ಕಿನಲ್ಲಿದೆ, ಹತ್ತು ವರ್ಷದ್ದು,
ಅದನ್ನೇ ಒಪ್ಪಿಸುತ್ತೇನೆ,
ಇಗರ್ಜಿಯಲ್ಲಿ ಅರ್ಥ ತಿಳಿಯದೆ ಒಪ್ಪಿಸುತ್ತಿದ್ದ ಪ್ರಾರ್ಥನೆಯಂತೆ.
ಮೂಗಿಗೆ ತುಪ್ಪ ಹಚ್ಚುವ ಕೆಲಸಕ್ಕೆ
ಹಚ್ಚುವವನಿಗೆ ಮೂಗು ಬೇಕಾಗಿಲ್ಲ.

ಕಳೆದ ಶನಿವಾರ ಏಳನೇ ಮೇಜಿಗೆ ಬೊಳ್ಳಮ್ಮನವರು.
ಎಪ್ಪತ್ತು ತುಂಬಿತಂತೆ; ಸೊಸೆಯರು, ತಂಗಿಯ ಮಗ ಕರೆತಂದದ್ದು.
ಹಿಂದಕ್ಕೆ ನೆರಿಗೆಯ ಸೀರೆ, ಕೈಚೀಲ ಮಡಿಲಲ್ಲೇ.
ಉಳಿದವರು ಮೆನುವಿನ ಬಲತುದಿಯ ಅಂಕಿಗಳನ್ನು ಓದುತ್ತಿರಲು
ಅವರು ಓದದೆಯೇ ಅಂದರು:
‘ಪಂದಿಕರಿ, ಕಡಂಬುಟ್ಟು. ಮನೆಯದರಷ್ಟು ಇರೋದಿಲ್ಲ, ಗೊತ್ತು. ತನ್ನಿ.’

ತಂಗಿಯ ಮಗ ಆರು ಸಾವಿರದ ಕೆಂಪನ್ನು ಹೇಳಿದ.
ನಾನು ಶುರು ಮಾಡಿದೆ. ನೇರಳೆ. ಮೆಣಸು. ತೊಗಟೆ.
ಗಾಜಿನ ಒಳಮೈಯಲ್ಲಿ ಜಾರುವ ಹನಿಗೆ
ನಮ್ಮ ಕಸುಬಿನಲ್ಲಿ ಕಣ್ಣೀರು ಅನ್ನುತ್ತಾರೆ, ಅದನ್ನೂ ತೋರಿಸಿದೆ.
ಅವನು ಕುಡಿದು ತಲೆದೂಗಿದ. ಸೊಸೆಯರೂ.
ಬೊಳ್ಳಮ್ಮ ತುಟಿಗೆ ತರಲಿಲ್ಲ.
ಮೂಗಿನ ಹತ್ತಿರ ಹಿಡಿದು, ತೆಗೆದು, ಮತ್ತೆ ಹಿಡಿದು
ನನ್ನ ಮುಖ ನೋಡಿದರು.

ನಲವತ್ತು ವರ್ಷ ಕಾಚಂಪುಳಿ ಕಾಯಿಸಿದ ಮೂಗು ಅದು.
ಬುಟ್ಟಿಯಲ್ಲಿ ಹಣ್ಣು ಕಳಿತು ರಸ ತೊಟ್ಟಿಕ್ಕುವಾಗ
ಯಾವ ಗಳಿಗೆಗೆ ಒಲೆಗೆ ಏರಿಸಬೇಕೆಂದು
ಪಕ್ಕದ ಕೋಣೆಯಿಂದಲೇ ಹೇಳುವ ಮೂಗು.

‘ಕುಂಞಿ, ಇದು ಹುಳಿಯಾಗಿದೆ,’ ಅಂದರು, ನನಗಷ್ಟೇ ಕೇಳುವಂತೆ.

ಮಲಗಿಸಬೇಕಾದ ಬಾಟಲಿಯನ್ನು ಉಗ್ರಾಣದಲ್ಲಿ
ಎರಡು ಮಳೆಗಾಲ ನಿಲ್ಲಿಸಿಟ್ಟಿದ್ದರು.
ಕಾರ್ಕು ಒಣಗಿ ಪುಡಿಯಾಗಿತ್ತು; ಕಣ್ಣಿಗೆ ಕಂಡಿತ್ತು,
ಆದರೂ ಬಾಯಿ ನೇರಳೆ ಅಂದಿತ್ತು.

ಬೊಳ್ಳಮ್ಮ ಇನ್ನೇನೂ ಕೇಳಲಿಲ್ಲ.
ಲೋಟವೆತ್ತಿ ಪಂದಿಕರಿಯ ಮೇಲೆ ಬಗ್ಗಿಸಿದರು,
‘ಇವರದಕ್ಕೆ ಹುಳಿ ಸಾಲದು.’
ಕಡಂಬುಟ್ಟು ಮುರಿದು, ಅದ್ದಿ, ತಿಂದರು.
ಅತ್ತೆಗೆ ಅರಳುಮರಳು ಎಂದು ಮೇಜೆಲ್ಲ ನಕ್ಕಿತು.
ನಾನೂ ನಕ್ಕೆ.
ಬಿಲ್ಲಿನಲ್ಲಿ ಆರು ಸಾವಿರ ಹಾಗೆಯೇ ಇತ್ತು.
ನಾನು ತೆಗೆಸಲಿಲ್ಲ.

ಮಂಗಳವಾರ ಗೇಟಿನಲ್ಲಿ ಒಂದು ಪೊಟ್ಟಣ.
ಕೆಮ್ಮಿನ ಔಷಧಿಯ ಹಳೆಯ ಬಾಟಲಿ, ಒಳಗೆ
ಇಂಗಾಲದಷ್ಟು ಕಪ್ಪು. ಚೀಟಿ ಇಲ್ಲ.
ಮುಚ್ಚಳ ಬಿಚ್ಚಿ ಮೂಸಿದೆ. ಏನಿಲ್ಲ.
ಮತ್ತೂ ಆಳಕ್ಕೆ ಎಳೆದೆ:
ವಾಸನೆಯಲ್ಲ, ಉರಿ. ಮೂಗಿನ ಬುಡದಲ್ಲಿ ಸೂಜಿಯಂತೆ
ಎಲ್ಲೋ ಚುಚ್ಚಿತು.
ಬಟ್ಟೆ ಬದಲಿಸುವ ಕೋಣೆಯಲ್ಲಿ ಬಹಳ ಹೊತ್ತು ಅದನ್ನೇ ಮೂಸುತ್ತ ಕೂತೆ.

ಇವತ್ತು ಮೂರನೇ ಮೇಜಿನವರು ಲೋಟ ತಿರುಗಿಸುತ್ತ
‘ಹೇಗಿದೆ ಇದು?’ ಅಂದರು.
ಗಾಜಿನಾಚೆ ಮಂಜು ತುಂಬಿತ್ತು, ಸಮುದ್ರವೇನಲ್ಲ.
‘ನೀವೇ ನೋಡಿ ಹೇಳಿ,’ ಅಂದೆ.
ಕಾದೆ.